ಕರುಳು ಏಳುವ ಹೊತ್ತು

ಸದ್ದು ಬಂದದ್ದು ಏಳನೇ ಹಾಸಿಗೆಯಿಂದ. ಚಿಕ್ಕ ಸದ್ದು, ಒಣಗಿದ ಬಟ್ಟೆಯನ್ನು ಯಾರೋ ಎರಡು ಬೆರಳಗಲ ಹರಿದಂತೆ. ರಾತ್ರಿ ಎರಡೂ ಕಾಲು. ಮೇಜಿನ ಮುಂದೆ ಕೂತು ಜ್ವರದ ಪಟ್ಟಿ ತುಂಬುತ್ತಿದ್ದ ನರ್ಸ್ ಪೆನ್ನೆತ್ತಿ ಹಾಗೇ ಹಿಡಿದುಕೊಂಡಳು. ಹನ್ನೆರಡು ಹಾಸಿಗೆಯ ಆ ವಾರ್ಡಿನ ರಾತ್ರಿಯ ಸದ್ದುಗಳೆಲ್ಲ ಅವಳಿಗೆ ಬಾಯಿಪಾಠ. ಮೂರನೆಯವನ ಗೊರಕೆ, ಹತ್ತನೆಯವನ ಹಲ್ಲುಕಡಿತ, ಆಮ್ಲಜನಕದ ಬಾಟಲಿಯ ಗುಳುಗುಳು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆಹೋದ ಆಯಮ್ಮನ ಏದುಸಿರು. ಇದು ಅವುಗಳಲ್ಲಿ ಯಾವುದೂ ಅಲ್ಲ.

ಮತ್ತೊಮ್ಮೆ ಬಂತು. ಈ ಸಲ ಉದ್ದವಾಗಿ, ನಡುವೆ ಒಂದಿಷ್ಟು ತಡೆದು, ಯಾವ ಸಂಕೋಚವೂ ಇಲ್ಲದೆ.

ಮನೆಗಳಲ್ಲಾದರೆ ಎಲ್ಲರೂ ಕೇಳಿಸಲೇ ಇಲ್ಲವೆಂಬಂತೆ ಇದ್ದುಬಿಡುವ ಸದ್ದು ಅದು. ಈ ವಾರ್ಡಿನಲ್ಲಿ ಮಾತ್ರ ಅದಕ್ಕಾಗಿ ಕಿವಿಗೊಟ್ಟು ಕಾಯುತ್ತಾರೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಗಾಳಿ ಹೋಗುವತನಕ ಬಾಯಿಗೆ ಒಂದು ಗುಟುಕು ನೀರೂ ಕೊಡುವಂತಿಲ್ಲ ಎಂಬುದು ದೊಡ್ಡ ಡಾಕ್ಟರ ಕಟ್ಟಳೆ. ಬೆಳಿಗ್ಗೆ ಬಂದವರು ನಮಸ್ಕಾರಕ್ಕೂ ಮೊದಲು ಕೇಳುವುದು "ಗಾಳಿ ಹೋಯ್ತಾ?" ಎಂದೇ. ಹೂಂ ಅಂದವನನ್ನು ಅಕ್ಕಪಕ್ಕದ ಹಾಸಿಗೆಯವರು ಪರೀಕ್ಷೆ ಪಾಸಾದವನನ್ನು ನೋಡುವ ಹಾಗೆ ನೋಡುತ್ತಾರೆ.

ಏಳನೆಯವನು ಆರು ದಿನವಾದರೂ ಪಾಸಾಗಿರಲಿಲ್ಲ.

ಅವನು ನಲ್ಲಿ, ಪೈಪು ಕೂಡಿಸುವ ಕೆಲಸದವನು. ಅರವತ್ತು ದಾಟಿದವನು, ವಾರ್ಡಿಗೆಲ್ಲ ಮೇಸ್ತ್ರಿ. ಉಬ್ಬಿ ಬಿಗಿದುಕೊಂಡ ಹೊಟ್ಟೆಯೊಂದಿಗೆ, ವಾಂತಿಗೆಂದು ತನ್ನದೇ ಬಕೆಟ್ಟು ಹಿಡಿದುಕೊಂಡು, ಒಬ್ಬನೇ ನಡೆದು ಬಂದಿದ್ದ. ಸಣ್ಣ ಕರುಳಿನ ಒಂದು ಮಡಿಕೆ ತಿರುಚಿಕೊಂಡು ಕಪ್ಪಾಗಿತ್ತು. ಗೇಣುದ್ದ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದರು. ಅಂದಿನಿಂದ ಮೂಗಿನ ಮೂಲಕ ಜಠರಕ್ಕಿಳಿದ ಒಂದು ನಳಿಕೆ, ಕೈಗೆ ಗ್ಲೂಕೋಸು, ಮಂಚದ ಪಕ್ಕದಲ್ಲಿ ಹಸಿರು ಪಿತ್ತ ತೊಟ್ಟಿಕ್ಕುವ ಚೀಲ.

ಎರಡನೆಯ ರಾತ್ರಿ ನೋವಿನ ಸೂಜಿ ಚುಚ್ಚುತ್ತಿದ್ದಾಗ ಅವನು ಕೇಳಿದ್ದ. "ಜಾಯಿಂಟಿಗೆ ಏನು ಹಾಕಿದಾರೆ ಸಿಸ್ಟರಮ್ಮ?"

"ದಾರ."

"ಬರೀ ದಾರಾನಾ? ಟೇಪು, ಗಮ್ಮು ಏನೂ ಇಲ್ವಾ?"

"ಏನೂ ಬೇಡ. ಅದು ತಾನೇ ಕೂಡಿಕೊಳ್ಳುತ್ತೆ."

"ಸೋರುತ್ತಾ ಅಂತ ನೀರು ಬಿಟ್ಟು ನೋಡಿದ್ರಾ?"

"ಮುಚ್ಚೋ ಮುಂಚೆ ನೋಡಿರ್ತಾರೆ."

"ನೋಡಿರ್ತಾರೆ. ನಾನು ಹೀಗೆ ಹೇಳಿದ್ರೆ ಮನೆಯವರು ನನ್ನ ಸುಮ್ನೆ ಬಿಡ್ತಿದ್ರಾ?"

ಅವಳು ಹೆಚ್ಚು ಮಾತಿನವಳಲ್ಲ. ಔಷಧದ ಚೀಟಿಯನ್ನು ಎರಡು ಸಲ ಓದಿ, ಮೂರನೆಯ ಸಲ ಬೆರಳಿಟ್ಟು ಓದುವವಳು. ಕೋಣೆಗೆ ಬೀಗ ಹಾಕಿ ಮೂರು ಮೆಟ್ಟಿಲಿಳಿದು ಮತ್ತೆ ಹತ್ತಿ ಎಳೆದು ನೋಡುವವಳು. ಆದರೂ ಆ ರಾತ್ರಿ ಅವನಿಗೆ ಹೇಳಿದ್ದಳು. ಸಣ್ಣ ಕರುಳು ಇಪ್ಪತ್ತು ಅಡಿ ಇರುತ್ತೆ, ಸುತ್ತಿ ಮಡಚಿ ಈ ಒಂದು ಹೊಟ್ಟೆಯೊಳಗೆ ಕೂತಿರುತ್ತೆ ಎಂದಾಗ ಮೇಸ್ತ್ರಿ ಕಣ್ಣರಳಿಸಿದ.

"ಇಪ್ಪತ್ತು ಅಡಿ? ಇಷ್ಟು ಜಾಗದಲ್ಲಿ? ಅಷ್ಟೊಂದು ಬೆಂಡು ಕೊಟ್ರೆ ಬ್ಲಾಕ್ ಆಗದೆ ಇನ್ನೇನಾಗುತ್ತೆ."

"ಅದು ಪೈಪಲ್ಲ ಮೇಸ್ತ್ರಿ. ಹಿಂದೆ ಹಿಂಡುತ್ತೆ, ಮುಂದೆ ಸಡಿಲ ಬಿಡುತ್ತೆ, ತುತ್ತನ್ನ ತಾನೇ ತಳ್ಳಿಕೊಂಡು ಹೋಗುತ್ತೆ. ನೀವು ತಲೆಕೆಳಗಾಗಿ ನಿಂತು ನುಂಗಿದ್ರೂ ಹೊಟ್ಟೆಗೇ ಸೇರುತ್ತೆ. ಒಳಗೋಡೆ ಮಖಮಲ್ಲಿನ ಹಾಗೆ, ಸಣ್ಣ ಸಣ್ಣ ಎಳೆಗಳು. ಊಟದ ಸಾರ ರಕ್ತಕ್ಕೆ ಸೇರೋದು ಅಲ್ಲಿ. ಮಿಕ್ಕಿದ್ದು ದೊಡ್ಡ ಕರುಳಿಗೆ. ಅದು ನೀರು ಹೀರಿಕೊಂಡು ಕಳಿಸುತ್ತೆ."

"ಮತ್ತೆ ನಂದು ಯಾಕೆ ತಳ್ತಿಲ್ಲ?"

"ಕರುಳಿಗೆ ಕೈ ಸೋಕಿದ್ರೆ ಅದು ಮಲಗಿಬಿಡುತ್ತೆ. ಏಳೋದೂ ಒಟ್ಟಿಗೆ ಅಲ್ಲ. ಮೊದಲು ಸಣ್ಣ ಕರುಳು. ಆಮೇಲೆ ಜಠರ. ದೊಡ್ಡ ಕರುಳು ಸೋಮಾರಿ, ಮೂರನೇ ದಿನಕ್ಕೆ ಕಣ್ಣು ಬಿಡುತ್ತೆ. ಅದು ಎದ್ದಿದೆ ಅನ್ನೋದಕ್ಕೆ ಗಾಳಿಯೇ ಸಾಕ್ಷಿ."

ಮೇಸ್ತ್ರಿ ನಕ್ಕ, ಹೊಲಿಗೆ ಎಳೆದು ಮುಖ ಹಿಂಡಿಕೊಂಡ. "ನಮ್ಮಲ್ಲೂ ಹಾಗೇ. ಟ್ಯಾಂಕಿಂದ ನೀರು ಬಿಟ್ರೆ ನಲ್ಲೀಲಿ ಮೊದಲು ಬರೋದು ಗಾಳಿ. ಬುಸ್ ಅಂದ ಕೂಡ್ಲೇ ನಾನು ಬಕೆಟ್ ಇಡೀಮ್ಮಾ ಅಂತಿದ್ದೆ."

ಅಂದಿನಿಂದ ಅವಳು ಹತ್ತು ಗಂಟೆಯ ಸುತ್ತಿಗೆ ಬಂದಾಗಲೆಲ್ಲ ಅವನು "ಊಟ ಆಯ್ತಾ ಸಿಸ್ಟರಮ್ಮ?" ಎನ್ನುತ್ತಿದ್ದ. ದಿನಗಟ್ಟಲೆ ಹನಿ ನೀರಿಲ್ಲದೆ, ಒದ್ದೆ ಹತ್ತಿಯಿಂದ ತುಟಿ ಒರೆಸಿಕೊಂಡು ಮಲಗಿದ್ದವನು ಕೇಳುತ್ತಿದ್ದ. ಅವಳು "ಆಯ್ತು" ಎನ್ನುತ್ತಿದ್ದಳು. ಆಗಿರುತ್ತಿರಲಿಲ್ಲ. ಅವಳ ಊಟವೆಂದರೆ ಮೂರು ಗಂಟೆಯ ಹೊತ್ತಿಗೆ ಗಾಯ ಕಟ್ಟುವ ಕೋಣೆಯಲ್ಲಿ, ನಿಂತುಕೊಂಡು, ಬಾಗಿಲ ಕಡೆ ಒಂದು ಕಣ್ಣಿಟ್ಟು ಮುಗಿಸುವಂಥದು. ಬೇರೆ ಯಾರೂ ಅವಳನ್ನು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಗಂಡ ಅನ್ನಿಸಿಕೊಂಡವನು ಎಂಟು ವರ್ಷದಿಂದ ಬೇರೆ ಕಡೆ ಇದ್ದ. ಅವಳ ಕೋಣೆಯಲ್ಲಿ ಫೋನು ಸದ್ದಾದರೆ ಅದು ಡ್ಯೂಟಿ ಬದಲಾಗಿದೆ ಎನ್ನಲು.

ಈಗ ಅವಳು ಮೇಜಿನಿಂದ ಎದ್ದು ಏಳನೇ ಹಾಸಿಗೆಯ ಹತ್ತಿರ ಹೋದಳು. ಮೇಸ್ತ್ರಿ ಮೊಣಕಾಲು ಮಡಚಿ, ಬಾಯಿ ಅರೆತೆರೆದು ಗಾಢ ನಿದ್ದೆಯಲ್ಲಿದ್ದ. ಹೊದಿಕೆ ಸರಿಸಿ, ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹೊಕ್ಕುಳ ಪಕ್ಕಕ್ಕೆ ಇಟ್ಟಳು. ಒಳಗೆ ಸಂತೆ ಕೂಡಿತ್ತು. ಗುಡುಗುಡು, ಚಿಟಚಿಟ, ದೂರದಲ್ಲೆಲ್ಲೋ ಕೊಡದಿಂದ ಬಗ್ಗಿಸಿದಂತೆ ಒಂದು ಸುರಿತ. ನಾಲ್ಕೂ ಕಡೆ ಇಟ್ಟು ನೋಡಿದಳು. ಇದು ಈಗ ತಾನೇ ಎದ್ದ ಕರುಳಲ್ಲ. ಎದ್ದು, ಮುಖ ತೊಳೆದು, ಕೆಲಸಕ್ಕೆ ಹಚ್ಚಿಕೊಂಡು ದಿನಗಳೇ ಆದ ಕರುಳು.

ಮೇಸ್ತ್ರಿ ಕಣ್ಣು ಬಿಟ್ಟ.

"ಒಳ್ಳೇ ಸುದ್ದಿ ಮೇಸ್ತ್ರಿ. ಗಾಳಿ ಹೋಯ್ತು," ಎಂದಳು ಪಿಸುದನಿಯಲ್ಲಿ.

"ಯಾರಿಗೆ?"

"ನಿಮಗೆ. ನಾನೇ ಕೇಳಿಸಿಕೊಂಡೆ. ಎರಡು ಸಲ."

"ಅದು ಎಂಟನೇ ನಂಬರು. ಅವನ ಹೊಟ್ಟೆ ಮೊದಲಿಂದಲೂ ಸರಿಯಿಲ್ಲ."

"ಎಂಟು ಸಂಜೆ ಮನೆಗೆ ಹೋಯ್ತು. ಹಾಸಿಗೆ ಖಾಲಿ ಇದೆ."

ಮೇಸ್ತ್ರಿ ಖಾಲಿ ಹಾಸಿಗೆಯನ್ನು ನೋಡಿದ. "ಹಾಗಾದ್ರೆ ನಿಮ್ಮ ಕುರ್ಚಿ ಇರಬೇಕು," ಎಂದ. ಹೇಳುತ್ತಲೇ ಎರಡು ಸಲ ಕೆಮ್ಮಿದ.

ಕೆಮ್ಮು ಕೇಳಿದ ಕೂಡಲೇ ಅವಳಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಮೂರು ದಿನದಿಂದ ಆ ಕೆಮ್ಮು ಅವಳನ್ನು ಕಾಡಿತ್ತು. ಹೊಟ್ಟೆ ಕೊಯ್ದವರು ಕೆಮ್ಮಲು ಹೆದರುತ್ತಾರೆ, ದಿಂಬು ಒತ್ತಿಕೊಂಡು ಕೆಮ್ಮುತ್ತಾರೆ. ಇವನು ಇದ್ದಕ್ಕಿದ್ದಂತೆ, ಜೋರಾಗಿ, ಕಫವೇ ಇಲ್ಲದೆ ಕೆಮ್ಮುತ್ತಿದ್ದ. ಎದೆಯ ಮೇಲೆ ಬಿಲ್ಲೆಯಿಟ್ಟು ನೋಡಿ, ಸ್ವಚ್ಛವಾಗಿದೆ ಎಂದು ಬರೆದಿದ್ದಳು. ನಿದ್ದೆಯಲ್ಲಿ ಮಾತ್ರ ಗಾಳಿಯ ಸದ್ದು ಮುಚ್ಚುವಂತೆ ಕೆಮ್ಮಲು ಅವನಿಗೆ ಆಗಿರಲಿಲ್ಲ.

"ಯಾವಾಗಿನಿಂದ ಹೋಗ್ತಿದೆ?"

ಮೇಸ್ತ್ರಿ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.

"ಮೇಸ್ತ್ರಿ."

"ಮೂರನೇ ದಿನದಿಂದ. ನೀವು ಹೇಳಿದ್ರಲ್ಲ, ಸರಿಯಾಗಿ ಅವತ್ತೇ."

ಅವಳು ಸ್ಟೂಲು ಎಳೆದು ಕೂತಳು. ಸಿಟ್ಟು ಬರಬೇಕಿತ್ತು, ಹೆದರಿಕೆ ಬಂತು. ಅವಳು ಪಾಳಿಗೆ ಬಂದಾಗ, ಸಂಜೆಯ ಸುತ್ತನ್ನು ತಡವಾಗಿ ಮುಗಿಸುತ್ತಿದ್ದ ದೊಡ್ಡ ಡಾಕ್ಟರೂ ಚಿಕ್ಕ ಡಾಕ್ಟರೂ ಈ ಮಂಚದ ಕಾಲಬುಡದಲ್ಲೇ ನಿಂತು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡಿದ್ದರು. ಇಷ್ಟು ಹೊತ್ತಿಗೆ ಬಿಡಬೇಕಿತ್ತು, ಹೊಟ್ಟೆ ಮೆತ್ತಗಿದೆ, ಆದರೂ ಗಾಳಿ ಇಲ್ಲ ಅನ್ನುತ್ತಾನೆ, ಹೊಲಿಗೆಯ ಹತ್ತಿರ ಎಲ್ಲೋ ಕರುಳು ಅಂಟಿಕೊಂಡು ದಾರಿ ಕಟ್ಟಿರಬೇಕು. ಮೇಸ್ತ್ರಿ ತನಗೆ ಸಂಬಂಧವಿಲ್ಲದ ಮಾತೆಂಬಂತೆ ಸೂರು ನೋಡುತ್ತಿದ್ದ. ಫೈಲಿನಲ್ಲಿ ಚಿಕ್ಕ ಡಾಕ್ಟರು ಬರೆದಿದ್ದರು: ಬೆಳಗಿನವರೆಗೆ ಗಾಳಿ ಹೋಗದಿದ್ದರೆ ಒಂಬತ್ತಕ್ಕೆ ಸ್ಕ್ಯಾನ್, ಅಗತ್ಯವಾದರೆ ಮತ್ತೆ ಶಸ್ತ್ರಚಿಕಿತ್ಸೆ. ಮನೆಯವರಿಗೆ ತಿಳಿಸುವುದು.

"ನಾಳೆ ಸ್ಕ್ಯಾನ್ ಮಾಡಿ ನಿಮ್ಮನ್ನ ಮತ್ತೆ ಕೊಯ್ಯೋದ್ರಲ್ಲಿದ್ರು, ಗೊತ್ತಾ?" ಎಂದಳು. "ಇಲ್ಲದ ಬ್ಲಾಕನ್ನ ಹುಡುಕೋದಕ್ಕೆ."

ಮೇಸ್ತ್ರಿಯ ಕೈ ಹೊದಿಕೆಯ ಅಂಚನ್ನು ಹಿಡಿದು ನಿಂತಿತು. ಅದು ಅವನಿಗೆ ಗೊತ್ತಿರಲಿಲ್ಲ. "ಕೊಯ್ಯೋದು ಯಾವಾಗ?" ಎಂದ.

"ಅಂದ್ರೆ?"

"ಬೆಳಿಗ್ಗೇನಾ, ಸಂಜೇನಾ? ನಾಲ್ಕು ಗಂಟೆ ಆದ್ಮೇಲೆ ಆದ್ರೆ ಪರವಾಗಿಲ್ಲ ಅಂತ."

ನಾಲ್ಕರಿಂದ ಐದು ನೋಡಲು ಬರುವವರ ಹೊತ್ತು. ರಾತ್ರಿ ಪಾಳಿಯವಳಾದ ಅವಳು ಆ ಹೊತ್ತಿನಲ್ಲಿ ವಾರ್ಡಿನಲ್ಲಿ ಇರುವುದಿಲ್ಲ. ಆಯಮ್ಮ ಹೇಳಿದ್ದಳು: ಮೂರೂವರೆಗೇ ಮೇಸ್ತ್ರಿ ತಲೆ ಬಾಚಿಸಿಕೊಳ್ಳುತ್ತಾನೆ, ಮಂಚದ ತಲೆಭಾಗ ಎತ್ತಿಸಿಕೊಳ್ಳುತ್ತಾನೆ, ಬಾಗಿಲ ಕಡೆ ಮುಖ ಮಾಡಿ ಕೂರುತ್ತಾನೆ, ಯಾರೂ ಬರುವುದಿಲ್ಲ ಎಂದು.

"ಮಗಳಿದಾಳೆ," ಎಂದ ಮೇಸ್ತ್ರಿ. "ಇದೇ ಊರಲ್ಲಿ, ಎರಡು ಬಸ್ಸು ಬದಲಾಯಿಸಬೇಕು. ಫಾರಮ್ಮಲ್ಲಿ ಅವಳದೇ ನಂಬರು ಕೊಟ್ಟಿದೀನಿ. ಆಪರೇಷನ್ ದಿನ ಇಲ್ಲಿಂದ ಹೇಳಿದ್ರಂತೆ. ನೋಡ್ತೀನಿ ಅಂದ್ಲಂತೆ."

"ಮಾತಿಲ್ವಾ?"

"ಮೂರು ವರ್ಷ ಆಯ್ತು." ಅವನು ಮೂಗಿನ ನಳಿಕೆಯ ಪಟ್ಟಿಯನ್ನು ಸರಿಪಡಿಸಿಕೊಂಡ. "ಅವಳಮ್ಮ ಆಸ್ಪತ್ರೇಲಿ ಹೀಗೇ ಮಲಗಿದ್ಲು. ಅವತ್ತು ಒಂದು ದೊಡ್ಡ ಕಟ್ಟಡದಲ್ಲಿ ಮೇನ್ ಪೈಪು ಒಡೆದು ನೆಲಮಾಳಿಗೆಯೆಲ್ಲ ನೀರು. ಲಿಫ್ಟು ಮುಳುಗಿತ್ತು. ಅಪ್ಪ ಬಾ ಅಂತ ಫೋನು ಮಾಡಿದ್ಲು. ನೋಡ್ತೀನಿ ಅಂದೆ. ಎರಡು ದಿನ ನೀರಲ್ಲಿ ನಿಂತಿದ್ದೆ. ಮೂರನೇ ದಿನ ಬಂದಾಗ ಹಾಸಿಗೆ ಮೇಲೆ ಬೇರೆ ಯಾರೋ ಇದ್ರು."

ಹತ್ತನೆಯವನು ಹಲ್ಲು ಕಡಿದ. ಮೇಸ್ತ್ರಿ ಅದು ನಿಲ್ಲುವವರೆಗೆ ಕಾದ.

"ಅವಳು ಬರ್ಲೇಬೇಕು ಅಂತಲ್ಲ ಸಿಸ್ಟರಮ್ಮ. ಬರೋದಕ್ಕೆ ಒಂದು ಜಾಗ ಇರಲಿ ಅಂತ. ನಾನು ಉಂಡುತಿಂದು ಮನೇಲಿದ್ರೆ ಅವಳು ಏನಂತ ಬರ್ತಾಳೆ? ಆಸ್ಪತ್ರೇಲಿದ್ರೆ ಬರಬಹುದು. ಯಾರಿಗೂ ಸೋತ ಹಾಗಾಗಲ್ಲ." ಅವನು ಅವಳ ಕಡೆ ತಿರುಗಿದ. "ಇನ್ನೆರಡು ದಿನ. ಬರೀಬೇಡಿ. ಸ್ಕ್ಯಾನು ಗೀನು ಮಾಡಿಕೊಳ್ಳಲಿ ಬಿಡಿ, ನಂಗೇನು ನಷ್ಟ."

"ಎರಡನೇ ಸಲ ಹೊಟ್ಟೆ ತೆರೆಯೋದು ಹುಡುಗಾಟ ಅಲ್ಲ. ನೀವು ಏಳದೇನೂ ಇರಬಹುದು."

"ಆಗಂತೂ ಬಂದೇ ಬರ್ತಾಳೆ," ಎಂದ ಮೇಸ್ತ್ರಿ. ತಮಾಷೆಗೆಂದೇ ಹೇಳಿದ್ದ. ಇಬ್ಬರಿಗೂ ನಗು ಬರಲಿಲ್ಲ.

ಅವಳು ಮೇಜಿಗೆ ಹೋಗಿ ಫೈಲು ತೆರೆದು ಬರೆದಳು. ರಾತ್ರಿ 2.15: ಗಾಳಿ ಹೋಗಿದೆ. ಹೊಟ್ಟೆ ಮೃದು. ಕರುಳಿನ ಸದ್ದು ನಾಲ್ಕೂ ಕಡೆ ಇದೆ. ಮೂರು ದಿನದ ಕೆಮ್ಮಿನ ವಿಷಯ ಬರೆಯಲಿಲ್ಲ. ಕೆಳಗೆ ಸಹಿ ಹಾಕಿ ಚಿಕ್ಕ ಡಾಕ್ಟರಿಗೆ ಫೋನು ಮಾಡಿದಳು. ಆತ ನಿದ್ದೆಗಣ್ಣಿನಲ್ಲಿ, "ಒಳ್ಳೇದಾಯ್ತು. ಬೆಳಿಗ್ಗೆ ದೊಡ್ಡವರೇ ನೋಡಲಿ. ಅಲ್ಲೀವರೆಗೆ ಯಾವ ಆರ್ಡರೂ ಬದಲಾಯಿಸಬೇಡಿ," ಎಂದ.

ರಿಸೀವರು ಇಟ್ಟು ತಿರುಗಿದಾಗ ಮೇಸ್ತ್ರಿ ತಲೆಯೆತ್ತಿ ನೋಡುತ್ತಿದ್ದ. "ನೀವೂ ಅಷ್ಟೇ," ಎಂದು ಗೋಡೆಯ ಕಡೆ ತಿರುಗಿದ. ಹೊಲಿಗೆ ಇದ್ದವನು ಹಾಗೆ ಒಂದೇ ಏಟಿಗೆ ತಿರುಗಬಾರದು. ಅವಳು ಹೇಳಲಿಲ್ಲ.

ಮೂರಕ್ಕೆ ಅವಳಿಗೆ ಊಟ ಸೇರಲಿಲ್ಲ. ನಾಲ್ಕಕ್ಕೆ ಗ್ಲೂಕೋಸು ಬದಲಾಯಿಸಿದಳು, ಚೀಲ ಖಾಲಿ ಮಾಡಿ ಅಳೆದು ಬರೆದಳು. ಮೇಸ್ತ್ರಿ ಎಚ್ಚರವಾಗಿಯೇ ಇದ್ದ. ಕೈ ನೀಡಿದ, ಮುಖ ನೀಡಲಿಲ್ಲ. ಐದೂವರೆಗೆ ಕಿಟಕಿ ಬೂದಿ ಬಣ್ಣಕ್ಕೆ ತಿರುಗಿತು. ಅವಳು ಏಳನೇ ಫೈಲು ಮತ್ತೆ ತೆಗೆದಳು. ಮನೆಯವರಿಗೆ ತಿಳಿಸುವುದು ಎಂಬ ಸಾಲಿನ ಮುಂದೆ ಗುರುತು ಬಿದ್ದಿರಲಿಲ್ಲ. ಸಂಜೆ ಪಾಳಿಯವರು ಮರೆತಿದ್ದರು. ಅದು ಆರ್ಡರು; ಯಾರೂ ರದ್ದು ಮಾಡಿರಲಿಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಮೊದಲ ಪುಟದ ನಂಬರು ಒತ್ತಿದಳು. ಬಹಳ ಹೊತ್ತು ಗಂಟೆ ಹೊಡೆಯಿತು.

"ಯಾರು?" ಹೆಂಗಸಿನ ದನಿ, ನಿದ್ದೆಯದಲ್ಲ. ಹಿಂದೆ ಪಾತ್ರೆಯ ಸದ್ದು.

"ಆಸ್ಪತ್ರೆಯಿಂದ. ನಿಮ್ಮ ತಂದೆಯ ವಿಷಯ."

ಪಾತ್ರೆಯ ಸದ್ದು ನಿಂತಿತು. "ಅವರು ಹೇಳಿಸ್ತಿದಾರಾ?"

"ಇಲ್ಲ. ಫೋನು ಮಾಡಿರೋದು ಅವರಿಗೆ ಗೊತ್ತಿಲ್ಲ." ಅದು ನಿಜವಾಗಿತ್ತು. "ಡಾಕ್ಟರು ಬರೆದಿರೋದನ್ನ ಓದ್ತೀನಿ." ಓದಿದಳು, ಒಂದಕ್ಷರ ಬಿಡದೆ, ಸೇರಿಸದೆ. ಬೆಳಗಿನವರೆಗೆ ಗಾಳಿ ಹೋಗದಿದ್ದರೆ. ಒಂಬತ್ತಕ್ಕೆ ಸ್ಕ್ಯಾನ್. ಅಗತ್ಯವಾದರೆ ಮತ್ತೆ ಶಸ್ತ್ರಚಿಕಿತ್ಸೆ. ಅದೂ ನಿಜವಾಗಿತ್ತು. ಅಷ್ಟಕ್ಕೇ ನಿಲ್ಲಿಸಿ ಇಟ್ಟುಬಿಡಬಹುದು ಎಂದುಕೊಂಡಿದ್ದಳು.

ಆ ಕಡೆ ಒಲೆ ಆರಿಸಿದ ಸದ್ದು. ಆಮೇಲೆ ಆ ಹೆಂಗಸು ಕೇಳಿದಳು. "ಹೋಯ್ತಾ? ಗಾಳಿ?"

ಕೆಲಸದ ಹತ್ತೊಂಬತ್ತು ವರ್ಷದಲ್ಲಿ ಅವಳು ಯಾವ ಪಟ್ಟಿಯಲ್ಲೂ ನೋಡದ ಜ್ವರ ಬರೆದವಳಲ್ಲ, ಕೊಡದ ಮಾತ್ರೆಗೆ ಗುರುತು ಹಾಕಿದವಳಲ್ಲ. ಫೈಲಿನ ಮೇಲೆ, 2.15ರ ಸಾಲಿನ ಮೇಲೆ, ಅವಳ ಎಡಗೈ ಇತ್ತು.

"ಇನ್ನೂ ಇಲ್ಲ," ಎಂದಳು.

"ನಿಮ್ಮ ಹೆಸರೇನು ಸಿಸ್ಟರ್?"

ಅವಳು ರಿಸೀವರನ್ನು ಇಟ್ಟುಬಿಟ್ಟಳು. ಆಮೇಲೆ ಆ ಸಾಲಿನ ಮುಂದೆ ಗುರುತು ಹಾಕಿ ಹೊತ್ತು ಬರೆದಳು: 5.50.

ಎಂಟಕ್ಕೆ ದೊಡ್ಡ ಡಾಕ್ಟರು ಬಂದರು. ಅವಳ ಪಾಳಿ ಮುಗಿದಿತ್ತು. ಹಗಲಿನ ನರ್ಸಿಗೆ ವಾರ್ಡು ಒಪ್ಪಿಸಿಯೂ ಅವಳು ಔಷಧದ ಕಪಾಟಿನ ಹತ್ತಿರ ನಿಂತಿದ್ದಳು.

"ಏನು ಮೇಸ್ತ್ರಿ, ಗಾಳಿ ಹೋಯ್ತಾ?"

"ಹೋಯ್ತಂತೆ," ಎಂದ ಮೇಸ್ತ್ರಿ, ಅವಳ ಕಡೆ ನೋಡದೆ. "ನಂಗೆ ಗೊತ್ತಿಲ್ಲ. ಸಿಸ್ಟರು ಕಾವಲು ಕೂತು ಹಿಡಿದ್ರಂತೆ."

ವಾರ್ಡು ನಕ್ಕಿತು. ಮೂರನೆಯವನು, "ಬಕೆಟ್ ಇಡೀಮ್ಮಾ," ಎಂದು ಕೂಗಿದ. ದೊಡ್ಡ ಡಾಕ್ಟರು ಫೈಲು ಓದಿ, ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನಿನ ಸಾಲಿನ ಮೇಲೆ ಗೆರೆ ಎಳೆದರು. ಹಗಲಿನ ನರ್ಸ್ ನಳಿಕೆ ಎಳೆದು ತೆಗೆದಳು. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ನಳಿಕೆ ತೆಗೆದರೆ ಎಲ್ಲರಿಗೂ ಬರುತ್ತದೆ. ಒಂದು ಲೋಟದ ತಳದಲ್ಲಿ ನೀರು ಕೊಟ್ಟರು. ಅವನು ಗುಟುಕನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಕೂತ. "ನುಂಗಿ ಮೇಸ್ತ್ರಿ, ದಾರಿ ತೆರೆದಿದೆ," ಎಂದರು ದೊಡ್ಡ ಡಾಕ್ಟರು. "ಹೀಗೇ ಇದ್ರೆ ನಾಡಿದ್ದು ಮನೆಗೆ."

ಅವಳು ಬಟ್ಟೆ ಬದಲಾಯಿಸಿ ಹೊರಟಾಗ ಎಂಟೂ ಮುಕ್ಕಾಲು. ಮೊದಲ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದಳು. ಮೂವತ್ತೈದರ ಪ್ರಾಯ, ಸ್ವೆಟರು ಒಳಗಿನದು ಹೊರಗಾಗಿತ್ತು. ಅದೇ ಅಗಲ ಹಣೆ, ಮೇಸ್ತ್ರಿಯದು.

"ಆಪರೇಷನ್ ಆದವರ ವಾರ್ಡು?" ಎಂದು ಕೇಳಿದಳು. "ಒಬ್ಬರು, ಪೈಪು ಕೆಲಸದವರು. ಒಂಬತ್ತಕ್ಕೆ ಅಂದಿದ್ರು. ಕರ್ಕೊಂಡು ಹೋಗಿಬಿಟ್ರಾ?"

"ಇಲ್ಲ. ಅಲ್ಲೇ ಇದಾರೆ. ಎಡಕ್ಕೆ, ಏಳನೇ ಹಾಸಿಗೆ."

ಹೆಂಗಸು ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ದನಿ ಎಲ್ಲೋ ಕೇಳಿದ್ದೇನಲ್ಲ ಎಂಬ ಗೆರೆಯೊಂದು ಹಣೆಯ ಮೇಲೆ ಮೂಡಿತು. ನರ್ಸ್ ಚೀಲದ ಪಟ್ಟಿಯನ್ನು ಹಿಡಿದು ನಿಂತಳು. ಕೇಳಿದರೆ ಒಪ್ಪಿಕೊಳ್ಳುತ್ತಿದ್ದಳೇನೋ. ಆದರೆ ಹೆಂಗಸು ಕೇಳಲಿಲ್ಲ. ತಿರುಗಿ ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದಳು.

ನರ್ಸ್ ಮೇಲೆ ನೋಡದೆ ಇಳಿದಳು. ಹಿಂಬಾಗಿಲಿನಿಂದ ಹೋದರೆ ಬಸ್ಸಿಗೆ ಹತ್ತಿರ. ಹಿತ್ತಲಿನಲ್ಲಿ ಬಟ್ಟೆ ಒಗೆಯುವವನು ವಾರ್ಡಿನ ಹಾಸುಗಳನ್ನು ತಂತಿಗೆ ಹಾಕುತ್ತಿದ್ದ.

"ಏನು ಸಿಸ್ಟರ್, ಇವತ್ತು ತಡ? ರಾತ್ರಿ ಏನಾದ್ರೂ ಗಲಾಟೆಯಾ?"

ಮೇಲೆ ಈಗ ಏನು ನಡೆಯುತ್ತಿರಬಹುದು? ಮಗಳು ಲೋಟ ಹಿಡಿದು ಕೂತ ಅಪ್ಪನನ್ನು ಕಂಡಿರಬೇಕು. ಸಿಟ್ಟಾಗಿ, ನನ್ನನ್ನು ಸುಳ್ಳು ಹೇಳಿ ಕರೆಸಿದವರು ಯಾರು ಎಂದು ಕೇಳಿರಬಹುದು. ಕೇಳದೆಯೂ ಇರಬಹುದು. ಯಾರೂ ಕರೆಯದೆ ಬಂದಳೆಂದು ಮೇಸ್ತ್ರಿ ತಿಳಿದುಕೊಂಡಿದ್ದರೆ, ಅದು ಹಾಗೆಯೇ ಇರಲಿ. ಹಗಲಿನ ನರ್ಸಿಗೆ ಹೇಳಬಾರದು. ಚಿಕ್ಕ ಡಾಕ್ಟರಿಗೂ ಬೇಡ. ರಾತ್ರಿ ಹತ್ತಕ್ಕೆ ಹೋದಾಗ ಮೇಸ್ತ್ರಿ ಮುಖ ತಿರುಗಿಸಿಕೊಂಡೇ ಇದ್ದರೂ ಅವನಿಗೂ ಬೇಡ.

"ಏನೂ ಇಲ್ಲ," ಎಂದಳು.

"ಹಾಗಾದ್ರೆ ಈ ತುದಿ ಒಂಚೂರು ಹಿಡೀರಿ. ಒಬ್ಬನ ಕೈಲಿ ಹಿಂಡೋಕಾಗಲ್ಲ."

ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟು ಹಾಸಿನ ಒಂದು ತುದಿ ಹಿಡಿದಳು. ಅವನು ಆ ಕಡೆಗೆ ತಿರುಚಿದ, ಅವಳು ಈ ಕಡೆಗೆ. ನೀರು ಕಲ್ಲಿನ ಮೇಲೆ ಸುರಿಯಿತು, ತೆಳುವಾಯಿತು, ಹನಿಯಾಯಿತು. ಅವನು ಬಂದು ಅವಳ ಕೈಯಿಂದ ತುದಿಯನ್ನು ತೆಗೆದುಕೊಂಡು ಹೋದ. ಅವಳು ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು, ಒರೆಸಿಕೊಳ್ಳದೆ, ಬಿಸಿಲಿನಲ್ಲಿ ನಿಂತಿದ್ದಳು.